ಬಗ್ಗಡ ಇಳಿಯುವ ಹೊತ್ತು

ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಫ್ಯಾನು ಆರಿಸಿ, ಮೊಬೈಲನ್ನು ಅಟೆಂಡರನ ಮೇಜಿನ ಖಾನೆಗೆ ಹಾಕಿ ಬಂದಾಗಿತ್ತು. ಆದರೂ ಕೋಣೆಯೊಳಗೆ ಏನೋ ಅಲುಗಾಡುತ್ತಿದೆ ಎಂದು ಅವನಿಗೆ ಅನ್ನಿಸುತ್ತಲೇ ಇತ್ತು. ಎದುರಿಗೆ ಕಲ್ಲುಹಾಸಿನ ಮೇಜಿನ ಮೇಲೆ ಎದೆಮಟ್ಟದ ಗಾಜಿನ ಕೊಳವೆ. ಅದರ ತುಂಬ ಹೋದ ಮಳೆಗಾಲದಲ್ಲಿ ಹಿಡಿದಿಟ್ಟ ನೆರೆಯ ನೀರು, ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಕಿಟಕಿ ಮುಚ್ಚಿತ್ತು, ಹೊರಗೆ ರಸ್ತೆಯಲ್ಲಿ ಲಾರಿಯೂ ಇರಲಿಲ್ಲ. ಅಲುಗಾಡುತ್ತಿರುವುದು ತನ್ನದೇ ಮೊಣಕಾಲು ಎಂದು ಗೊತ್ತಾದಾಗ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. ಐವತ್ತು ಹತ್ತಿರವಾದ ಗಂಡಸು ತನ್ನ ಮೊಣಕಾಲನ್ನು ತಾನೇ ಹಿಡಿದುಕೊಂಡು ಕೂತಿರುವುದನ್ನು ಬಾಗಿಲ ಗಾಜಿನಿಂದ ಯಾರಾದರೂ ಇಣುಕಿ ನೋಡಿದರೆ? ನೋಡಿದರೂ ಏನೂ ಅಂದುಕೊಳ್ಳಲಾರರು. ಈ ಕೋಣೆಗೆ ಕಚೇರಿಯವರು ಹೆರಿಗೆ ಕೋಣೆ ಎಂದೇ ಹೆಸರಿಟ್ಟಿದ್ದರು. ಒಳಗೆ ಯಾರೂ ಹೆಜ್ಜೆ ಹಾಕಬಾರದು, ಮೇಜಿಗೆ ತಾಗಬಾರದು, ಸೀನಬಾರದು. ಬಗ್ಗಡ ಸಾಹೇಬರು ಕೆಸರಿಗೆ ಜೋಗುಳ ಹಾಡ್ತಿದ್ದಾರೆ, ಸದ್ದು ಮಾಡ್ಬೇಡ್ರಪ್ಪ ಎಂದು ಲೆಕ್ಕಪತ್ರ ವಿಭಾಗದವರು ದಾಟಿಹೋಗುವಾಗಲೆಲ್ಲ ಬೇಕೆಂದೇ ಪಿಸುಗುಟ್ಟುತ್ತಿದ್ದರು. ಅವನೂ ನಗುತ್ತಿದ್ದ. ನಗದೇ ಇದ್ದರೆ ಇನ್ನೂ ಜಾಸ್ತಿಯಾಗುತ್ತದೆ ಎಂದು ಅವನಿಗೆ ಶಾಲೆಯಿಂದಲೇ ಗೊತ್ತಿತ್ತು.

ಗಾಜಿನ ಮೇಲೆ ಒಂದು ಕೆಂಪು ಗೆರೆ. ಎಳೆದವನೂ ಅವನೇ. ಊರಿನೊಳಗೆ ನೆರೆ ನುಗ್ಗದ ಹಾಗೆ ನದಿಯ ಒಡ್ಡಿನಲ್ಲಿ ಒಂದು ಬಾಗಿಲು ಇಡಬೇಕು, ನೀರು ಏರಿದಾಗ ಅದನ್ನು ಕೆಳಬಯಲಿನ ಮೇಲೆ ಬಿಡಬೇಕು, ಅಲ್ಲಿ ಹರಡಿಕೊಂಡು ನಾಲ್ಕು ದಿನ ನಿಂತು ಅದು ಹಿಂದಕ್ಕೆ ಹೋಗಬೇಕು ಎಂದು ಯೋಜನೆ. ನೀರು ಹೋಗುತ್ತದೆ, ಸರಿ. ನೀರಿನಲ್ಲಿ ತೇಲಿಕೊಂಡು ಬಂದ ಮಣ್ಣು? ಅದೂ ನೀರಿನ ಜೊತೆಗೇ ಹೊರಟುಹೋದರೆ ಕೆಳಬಯಲಿನ ಮನೆಗಳು ಇದ್ದಲ್ಲೇ ಇರಬಹುದು. ಅಲ್ಲೇ ಕೂತುಬಿಟ್ಟರೆ ಒಂದೊಂದು ನೆರೆಗೂ ಅಂಗಳ ಏರುತ್ತ, ಹೊಸ್ತಿಲು ಮುಚ್ಚುತ್ತ, ಕೊನೆಗೆ ಕಿಟಕಿಯಿಂದ ಒಳಗೆ ಇಳಿಯಬೇಕಾದ ಕಾಲ ಬರುತ್ತದೆ. ಅದಕ್ಕೆ ಮೊದಲೇ ಅಲ್ಲಿರುವವರನ್ನು ಎಬ್ಬಿಸಿ ಮೇಲ್ದಂಡೆಯ ಹೊಸ ಮನೆಗಳಿಗೆ ಸಾಗಿಸಬೇಕು. ಇದನ್ನು ತೀರ್ಮಾನಿಸುವುದು ಈ ಕೊಳವೆ. ನೀರನ್ನು ಚೆನ್ನಾಗಿ ಕಲಕಿ ಬಿಟ್ಟರೆ ಮಣ್ಣು ಇಳಿಯಲು ತೊಡಗಿ ಮೇಲೆ ತಿಳಿಯಾಗುತ್ತ ಬರುತ್ತದೆ. ತಿಳಿಗೂ ಬಗ್ಗಡಕ್ಕೂ ನಡುವಿನ ಅಂಚು ನಿಧಾನವಾಗಿ ಕೆಳಗೆ ಸರಿಯುತ್ತದೆ. ಬಯಲಿನ ಮೇಲೆ ನೀರು ನಿಲ್ಲುವ ನಾಲ್ಕು ದಿನವನ್ನು ಕೊಳವೆಯ ಎತ್ತರಕ್ಕೆ ಇಳಿಸಿ ಲೆಕ್ಕ ಹಾಕಿದರೆ ಒಂದು ಗಂಟೆ. ಟೈಮರ್ ಹೊಡೆದುಕೊಳ್ಳುವಾಗ ಅಂಚು ಕೆಂಪು ಗೆರೆಗಿಂತ ಮೇಲಿದ್ದರೆ ಮನೆಗಳು ಉಳಿದವು, ಕೆಳಗಿದ್ದರೆ ಹೋದವು. ಮೊದಲ ಸಲ ಮಾಡಿದಾಗ ಅಂಚು ಎಂಬುದೇ ಕಾಣಿಸಿಕೊಂಡಿರಲಿಲ್ಲ. ಬಗ್ಗಡ ಬಗ್ಗಡವಾಗಿಯೇ ಇತ್ತು. ಅದನ್ನೇ ಬರೆದು ಕೊಟ್ಟಿದ್ದ. ಈ ಬೆಳಿಗ್ಗೆ ಯೋಜನೆಯ ಸಮಿತಿಯವರು ಬಂದು ಆ ವರದಿಗೆ ಸಹಿ ಹಾಕಿಸಿಕೊಂಡು ಹೋಗುವವರಿದ್ದರು.

ಈಗ, ಟೈಮರ್ ತಿರುಗಿಸಿ ಇನ್ನೂ ಎಷ್ಟು ಹೊತ್ತೂ ಆಗಿಲ್ಲ, ಮೇಲ್ಗಡೆ ಒಂದು ಬೆರಳಿನಷ್ಟು ತಿಳಿ ಬಂದುಬಿಟ್ಟಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಒಂದೂವರೆ ಬೆರಳು. ಹಳೇ ನೀರು, ಎಂದುಕೊಂಡ. ಡಬ್ಬದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ನೀರು ಹೊಸ ನೀರಿನ ಹಾಗೆ ನಡೆದುಕೊಳ್ಳಬೇಕು ಎಂದೇನಿಲ್ಲ. ಯಾರು ಕೇಳಿದರೂ ಹಾಗೆ ಹೇಳಬಹುದು, ಹೇಳಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಹಾಗೆ ಹೇಳುವುದೇ ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಅಟೆಂಡರನ ಕೈಯಿಂದ ಬೀಗದಕೈ ಇಸಿದುಕೊಂಡು, ಕಳ್ಳನ ಹಾಗೆ ಡಬ್ಬ ತೆಗೆದು ಸುರಿದದ್ದೇಕೆ? ಇಷ್ಟು ಬೇಗ ಏನ್ ಸಾರ್ ಎಂದು ಅಟೆಂಡರ್ ಕೇಳಿದ್ದ. ಸುಮ್ಮನೆ, ಎಂದಿದ್ದ. ಸುಮ್ಮನೆ ಎಂಬ ಮಾತು ಎಂಥ ಅನುಕೂಲದ್ದು ಎಂದು ಅವನಿಗೆ ಆಗಲೇ ನಾಚಿಕೆಯಾಗಿತ್ತು.

ನಿದ್ದೆಯಲ್ಲಿ ಹಲ್ಲು ಕಡೀತಿದ್ರಿ, ಎಂದು ಹೆಂಡತಿ ಬೆಳಿಗ್ಗೆ ಚಹಾದ ಲೋಟ ಇಡುತ್ತ ಹೇಳಿದ್ದಳು. ಹೊಟ್ಟೇಲಿ ಹುಳ ಇರ್ಬೇಕು, ಔಷಧಿ ತಗೊಳ್ಳಿ. ಅವಳು ತಮಾಷೆಗೆ ಹೇಳಿದ್ದೋ ನಿಜವಾಗಿಯೋ ಎಂದು ಅವಳ ಮುಖ ನೋಡಿದ. ಅವಳು ಅವನ ಕೈ ನೋಡುತ್ತಿದ್ದಳು. ಏನಾದ್ರೂ ಹೇಳ್ಬೇಕಾ ನಂಗೆ? ಇಲ್ಲವಲ್ಲ, ಎಂದ. ನಿಮ್ಮಕ್ಕನ ಮನೆ ವಿಷಯಾನಾ? ಅದರಲ್ಲೇನಿದೆ, ಅದು ಮುಗಿದ ಕತೆ ಎಂದು ಎದ್ದುಬಿಟ್ಟ. ಚಹಾ ಅರ್ಧ ಉಳಿದಿತ್ತು. ಮುಗಿದ ಕತೆ ಎಂದು ಹೇಳುವಾಗ ಸ್ವರ ಸ್ವಲ್ಪ ಏರಿತ್ತು, ಅದನ್ನು ಅವಳು ಗಮನಿಸಿದಳು, ಗಮನಿಸಿದ್ದನ್ನು ಅವನು ಗಮನಿಸಿದ. ಹೀಗೆ ಒಬ್ಬರನ್ನೊಬ್ಬರು ಗಮನಿಸಿಕೊಂಡು ಇಪ್ಪತ್ತು ವರ್ಷ ಸಂಸಾರ ಮಾಡಿದ್ದರು.

ಅಕ್ಕನ ಮನೆ ಕೆಳಬಯಲಿನಲ್ಲಿತ್ತು. ಇದನ್ನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಕ್ಕನೂ ಭಾವನೂ ಅಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡಿದ್ದರು, ಈಗ ಭಾವ ಇಲ್ಲ, ಅಕ್ಕ ಒಬ್ಬಳೇ ನಡೆಸುತ್ತಾಳೆ. ಮೊದಲ ಕೆಲಸ ಹೋದ ವರ್ಷ ಅವನು ಆ ಮನೆಯ ಬೀಜದ ಕೋಣೆಯಲ್ಲಿ ಮಲಗುತ್ತಿದ್ದ. ಹಲಗೆಗಳ ಮೇಲೆ ಸಾಲಾಗಿ ತಟ್ಟೆಗಳು, ತಟ್ಟೆಗಳಲ್ಲಿ ಒದ್ದೆ ಮಣ್ಣು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೂಗಿನ ಹತ್ತಿರವೇ ಏನಾದರೊಂದು ಮೊಳೆತಿರುತ್ತಿತ್ತು. ಗಿಡ ಕೊಳ್ಳಲು ಬಂದವರಿಗೆ ಭಾವ ಅವನನ್ನು ತೋರಿಸಿ, ಇವ್ನು ನಮ್ಮನೆ ಇಂಜಿನಿಯರು ಎನ್ನುತ್ತಿದ್ದರು. ಕೈಯಲ್ಲಿ ಗೊಬ್ಬರದ ಬುಟ್ಟಿ ಹಿಡಿದು ನಿಂತವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಭಾವ ವ್ಯಂಗ್ಯಕ್ಕೆ ಹೇಳುತ್ತಿದ್ದಾರೆ ಎಂದು ಎಷ್ಟೋ ದಿನ ಹಲ್ಲು ಕಚ್ಚಿಕೊಂಡಿದ್ದ. ವ್ಯಂಗ್ಯವಲ್ಲ, ನಿಜವಾದ ಹೆಮ್ಮೆ ಎಂದು ಗೊತ್ತಾದ ಮೇಲೆ ಅದು ಇನ್ನೂ ಕಷ್ಟವಾಯಿತು. ಯಾವಾಗ ಹೊರಡ್ತೀಯ ಎಂದು ಆ ಮನೆಯಲ್ಲಿ ಯಾರೂ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹೊರಟು ಹೋಗಿ ಋಣ ಹರಿದುಕೊಳ್ಳಬಹುದಿತ್ತು.

ಎರಡೂವರೆ ಬೆರಳು. ಅಂಚು ಈಗ ಚಾಕುವಿನಲ್ಲಿ ಕೊಯ್ದ ಹಾಗೆ ನೇರವಾಗಿತ್ತು. ತಿಳಿಯ ಮೂಲಕ ಎದುರಿನ ಗೋಡೆಯ ಸ್ವಿಚ್ಚು ಕಾಣುತ್ತಿತ್ತು, ಅಂಚಿನ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಈ ಕೊಳವೆಯೊಂದನ್ನೇ ನಂಬಿ ಕೂರಬೇಕಾಗಿ ಬಂದದ್ದು ಕೂಡ ಒಂದು ನಗೆಪಾಟಲು. ಮೊದಲು ಕೆಳಬಯಲಿನಲ್ಲೇ ಅಳೆಯಬೇಕೆಂದು ಮಳೆಗಾಲಕ್ಕೆ ಮುಂಚೆ ಅಲ್ಲಲ್ಲಿ ಪ್ಲಾಸ್ಟಿಕ್ ಹುಲ್ಲಿನ ಚಾಪೆಗಳನ್ನು ಹಾಸಿ, ನಾಲ್ಕು ಮೂಲೆಗೂ ಮೊಳೆ ಹೊಡೆದು ಬಂದಿದ್ದ. ನೆರೆ ಬಂದು ಹೋದ ಮೇಲೆ ಚಾಪೆ ಎತ್ತಿ, ಅದರ ಮೇಲೆ ಕೂತ ಮಣ್ಣನ್ನು ತೊಳೆದು ಒಣಗಿಸಿ ತೂಗಿದರೆ ಲೆಕ್ಕ ಸಿಗುತ್ತದೆ. ನೆರೆಯ ನೀರು ಒಡ್ಡಿನ ಸಂದಿನಿಂದ ಒಂದು ದಿನ ಬಂತು, ಹೋಯಿತು. ಹೋಗಿ ನೋಡಿದರೆ ಮೊಳೆಗಳಿದ್ದವು, ಚಾಪೆಗಳಿರಲಿಲ್ಲ. ಎಲ್ಲ ಮನೆಗಳ ಬಾಗಿಲಲ್ಲಿ ಕಾಲೊರೆಸಲು ಹಾಸಿಕೊಂಡಿದ್ದರು. ಅಕ್ಕನ ಅಡುಗೆಮನೆಯ ಬಾಗಿಲಲ್ಲೂ ಒಂದಿತ್ತು. ಯಾರೋ ದಾನ ಮಾಡಿದಾರೆ ಕಣೋ, ಎಷ್ಟು ಗಟ್ಟಿ ಇದೆ ನೋಡು, ಎಂದು ಅಕ್ಕ ಅದರ ಮೇಲೆ ಕಾಲು ಉಜ್ಜಿ ತೋರಿಸಿದ್ದಳು. ಆ ದಾನಿ ತಾನೇ ಎಂದು ಅವನು ಹೇಳಲಿಲ್ಲ. ಕಚೇರಿಗೆ ಬಂದು ಮೇಡಂಗೆ ಚಾಪೆಗಳು ನೀರಿನಲ್ಲಿ ಕೊಚ್ಚಿ ಹೋದವು ಎಂದ. ಮೇಡಂ ಅವನಿಗಿಂತ ಚಿಕ್ಕವರು, ಒಂದು ಕಾಲಕ್ಕೆ ಅವನ ಕೈಕೆಳಗೇ ಕೆಲಸ ಕಲಿತವರು, ಈಗ ಮುಖ್ಯಸ್ಥರು. ಪರವಾಗಿಲ್ಲ ಸಾರ್, ಕೊಳವೆ ಇದೆಯಲ್ಲ, ನಿಮ್ಮ ಕೈ ಪಳಗಿದ ಕೈ ಎಂದರು. ಸಾರ್ ಎಂದು ಅವರು ಇನ್ನೂ ಕರೆಯುತ್ತಿದ್ದರು. ಪ್ರತಿ ಸಲವೂ ಅದು ಅವನಿಗೆ ತಾಗುತ್ತಿತ್ತು.

ಆ ಪಳಗಿದ ಕೈ ಮಾಡಿದ್ದು ಇಷ್ಟೇ. ಹೊಲದ ಮಣ್ಣನ್ನು ಪರೀಕ್ಷಿಸುವಾಗ ನೀರಿಗೆ ಒಂದು ಚಮಚ ಬಿಳಿ ಉಪ್ಪು ಹಾಕುತ್ತಾರೆ, ಊಟದ ಉಪ್ಪಲ್ಲ, ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಸುವ ಪುಡಿ. ನೆರೆಯ ನೀರಿಗೆ ಅದನ್ನು ಹಾಕಬಾರದು. ನದಿಯಲ್ಲಿ ಕಣಗಳು ಒಂಟಿಯಾಗಿ ಬರುವುದಿಲ್ಲ, ಒಂದನ್ನೊಂದು ಹಿಡಿದುಕೊಂಡು ಗೊಂಚಲಾಗಿ ಬರುತ್ತವೆ, ಗೊಂಚಲಾದ್ದರಿಂದಲೇ ಭಾರವಾಗಿ ಬೇಗ ಇಳಿಯುತ್ತವೆ. ಉಪ್ಪು ಹಾಕಿದರೆ ಕೈ ಬಿಟ್ಟುಬಿಡುತ್ತವೆ. ಆಮೇಲೆ ವಾರವಾದರೂ ತೇಲುತ್ತಲೇ ಇರುತ್ತವೆ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವನು ಅವನೇ. ಮೇಡಂಗೂ ಹೇಳಿಕೊಟ್ಟಿದ್ದ. ಹಾಗಿದ್ದೂ ಆ ದಿನ ಕೈ ಕಪಾಟಿನತ್ತ ಹೋಗಿತ್ತು, ಮುಚ್ಚಳ ತೆಗೆದಿತ್ತು, ಚಮಚದ ತುದಿಯನ್ನು ಬಾಟಲಿಯ ಅಂಚಿಗೆ ತಟ್ಟಿ ಸಮ ಮಾಡಿ ನೀರಿಗೆ ಹಾಕಿತ್ತು. ಮರೆತು? ಹಿಂದಿನ ವಾರವೆಲ್ಲ ಹೊಲದ ಮಣ್ಣನ್ನೇ ಪರೀಕ್ಷಿಸಿದ್ದ ಅಭ್ಯಾಸಬಲದಿಂದ? ಇರಬಹುದು. ಆದರೆ ಹಿಂದಿನ ಸಂಜೆ ಅಕ್ಕ ಫೋನು ಮಾಡಿ, ನೀನಿರೋವಾಗ ನಂಗೇನು ಭಯ ಎಂದಿದ್ದಳು. ಕೈ ಎಷ್ಟನ್ನು ಕೇಳಿಸಿಕೊಂಡಿತ್ತು, ತಲೆ ಎಷ್ಟನ್ನು ಕಂಡೂ ಕಾಣದ ಹಾಗೆ ಇತ್ತು? ಎಷ್ಟು ಹಿಂದಕ್ಕೆ ಹೋಗಿ ಆ ಕ್ಷಣವನ್ನು ಹುಡುಕಿದರೂ ಚಮಚ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ಅದನ್ನು ಹಿಡಿದವನ ಮುಖ ಕಾಣುತ್ತಿರಲಿಲ್ಲ. ಫಲಿತಾಂಶ ನೋಡಿದ ಕೂಡಲೇ ಎದೆ ಹಗುರವಾದದ್ದು ನೆನಪಿತ್ತು. ಅದೇ ಸಂಜೆ ಅಕ್ಕನಿಗೆ ಫೋನು ಮಾಡಿ, ಎಲ್ಲೂ ಹೋಗಬೇಕಾಗಿಲ್ಲ ಅಕ್ಕಾ, ನಿಶ್ಚಿಂತೆಯಿಂದಿರು ಎಂದದ್ದೂ ನೆನಪಿತ್ತು. ಉಪ್ಪು ಯಾವಾಗ ನೆನಪಾಯಿತು ಎಂಬುದೊಂದೇ ನೆನಪಿರಲಿಲ್ಲ.

ಬಾಗಿಲ ಗಾಜಿನ ಮೇಲೆ ಯಾರೋ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಅಟೆಂಡರ್. ಕೈಸನ್ನೆಯಲ್ಲಿ ಯಾರೋ ಬಂದಿದ್ದಾರೆ ಎಂದ. ಅವನು ಅಂಗೈ ತೋರಿಸಿ ಕಾಯಲು ಹೇಳಿದ. ಅಟೆಂಡರ್ ನಗುತ್ತ ಎರಡೂ ಕೈ ಅಗಲ ಮಾಡಿ, ಬಂದವರು ಕಾಯುವ ಪೈಕಿ ಅಲ್ಲ ಎಂದು ತೋರಿಸುವಷ್ಟರಲ್ಲಿ ಅವನ ಹಿಂದಿನಿಂದ ಅಕ್ಕನ ಮುಖ ಬಂತು. ಬಾಗಿಲು ತೆರೆಯಿತು.

"ಅಲ್ಲೇ ನಿಲ್ಲು ಅಕ್ಕಾ. ಹೆಜ್ಜೆ ಇಡ್ಬೇಡ."

"ಇದೇನೋ ಪುಟ್ಟಾ, ಮನೆ ನಾಯಿಗೆ ಹೇಳ್ದ ಹಾಗೆ ಹೇಳ್ತೀಯ?"

"ನೆಲ ಅಲುಗಾಡತ್ತೆ. ಚಪ್ಪಲಿ ಬಿಟ್ಟು ಮೆಲ್ಲಗೆ ಬಾ. ಆ ಗೋಡೆ ಪಕ್ಕದಲ್ಲೇ ಬಾ."

ಅಕ್ಕ ಚಪ್ಪಲಿ ಬಿಟ್ಟು, ಗೋಡೆಗೆ ಒಂದು ಕೈ ಕೊಟ್ಟುಕೊಂಡು, ಮಲಗಿದ ಮಗುವಿರುವ ಕೋಣೆಗೆ ಬಂದ ಹಾಗೆ ಬಂದಳು. ದಪ್ಪ ಮೈ, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಮಣ್ಣು, ಕೈಚೀಲದಿಂದ ಇಣುಕುವ ನಾಲ್ಕು ಸಸಿಗಳು. ನಿಮ್ಮ ಮೇಡಂಗೆ ತಂದೆ, ಎಂದು ಪಿಸುದನಿಯಲ್ಲಿ ಹೇಳಿದಳು. ಇವತ್ತು ಸಹಿ ಆಗತ್ತಂತಲ್ಲ, ಒಂದು ಥ್ಯಾಂಕ್ಸ್ ಹೇಳೋಣ ಅಂತ. ಯಾರು ಹೇಳಿದರು ಇವಳಿಗೆ ಸಹಿಯ ವಿಷಯ? ಅವನೇ ಹೇಳಿದ್ದ. ಅಕ್ಕ ಸ್ಟೂಲೆಳೆಯಲು ಹೋಗಿ, ಅವನ ಕಣ್ಣು ನೋಡಿ, ಎಳೆಯದೆ ಎತ್ತಿ ಇಟ್ಟುಕೊಂಡು ಕೂತಳು. ಬೀಜದ ಕೋಣೆಗೆ ಸಿಮೆಂಟು ಹಾಕಿಸ್ದೆ ಕಣೋ, ಎಂದಳು. ನೀನು ಹೇಳಿದ ಮೇಲೆ ಧೈರ್ಯ ಬಂತು. ಪಕ್ಕದ ಮನೆಯವಳು ಹೊರಟು ನಿಂತಿದ್ಲು, ಸಾಮಾನೆಲ್ಲ ಕಟ್ಟಿದ್ಲು, ಸುಮ್ನಿರೇ ನಮ್ಮ ಪುಟ್ಟ ಅಳೆದಿದ್ದಾನೆ ಅಂದೆ. ಬಿಚ್ಚಿದ್ಲು. ಇಡೀ ಬೀದಿಗೆ ಹೇಳಿದೀನಿ.

ಅವನು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ಅಂಚು ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ಟೈಮರಿನಲ್ಲಿ ಅರ್ಧದಷ್ಟು ಹೊತ್ತು ಇನ್ನೂ ಉಳಿದಿತ್ತು. ಸೀನು ಬಂದುಬಿಡಬಾರದೇ, ಎಂದುಕೊಂಡ. ಲಾರಿ ಹೋಗಬಾರದೇ, ಸಣ್ಣ ಭೂಕಂಪವಾದರೂ ಆಗಬಾರದೇ. ಮೇಜಿನ ಕಾಲು ತನ್ನ ಕಾಲಿನಿಂದ ಗೇಣು ದೂರದಲ್ಲಿತ್ತು. ಒಂದು ಸಲ ತಾಗಿದರೆ ಸಾಕು, ಪರೀಕ್ಷೆ ಕೆಟ್ಟಿತು ಎಂದು ಎದ್ದುಹೋಗಬಹುದು, ಮೇಡಂ ಮುಂದೆ ಬಾಯಿ ಬಿಡಬೇಕಾಗಿಲ್ಲ, ಅಕ್ಕನಿಗೂ ಏನೂ ಹೇಳಬೇಕಾಗಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡ. ಎಳೆದುಕೊಂಡದ್ದು ಧೈರ್ಯದಿಂದಲ್ಲ, ಅಕ್ಕ ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ ಎಂದು.

"ಇದೇನಾ ನಮ್ಮ ನದಿ ನೀರು?" ಅಕ್ಕ ಮುಂದಕ್ಕೆ ಬಗ್ಗಿದಳು.

"ಹೂಂ."

"ಅಬ್ಬಾ, ಎಷ್ಟು ಬೇಗ ತಿಳಿಯಾಗ್ತಿದೆ ನೋಡೋ! ಮೇಲಿಂದು ಕುಡಿಯೋ ಹಾಗಿದೆ. ನೋಡ್ತಾ ನೋಡ್ತಾ ಇಳೀತು. ಒಳ್ಳೇದಲ್ವಾ?" ಅವಳ ಮುಖ ಅರಳಿತ್ತು. "ಏನಾದ್ರೂ ಹಾಕಿದೀಯಾ ಇದಕ್ಕೆ?"

"ಇಲ್ಲ. ಈ ಸಲ ಏನೂ ಹಾಕಿಲ್ಲ."

ಅಂಚು ಕೆಂಪು ಗೆರೆಯನ್ನು ಮುಟ್ಟಿತು. ಮುಟ್ಟಿ ನಿಲ್ಲಲಿಲ್ಲ.

"ಈ ಸಲ ಅಂದ್ರೆ?" ಎಂದಳು ಅಕ್ಕ. "ಹೋದ ಸಲ ಏನ್ ಹಾಕಿದ್ದೆ?"

ಅವಳು ಅವನನ್ನು ನೋಡುತ್ತಿರಲಿಲ್ಲ, ನೀರನ್ನೇ ನೋಡುತ್ತಿದ್ದಳು; ಹಾಗಾಗಿ ಹೇಳಲು ಸಾಧ್ಯವಾಯಿತು. ಪಿಸುದನಿಯಲ್ಲೇ ಹೇಳಿದ. ತಿಳಿಯಾದದ್ದು ಒಳ್ಳೆಯದಲ್ಲ ಎಂದ. ಮೇಲೆ ತಿಳಿಯಾಯಿತು ಎಂದರೆ ಅಷ್ಟೂ ಮಣ್ಣು ಕೆಳಗೆ ಕೂತಿತು ಎಂದು ಅರ್ಥ, ಕೆಳಗೆ ಎಂದರೆ ನಿಮ್ಮ ಅಂಗಳ, ನಿಮ್ಮ ತಟ್ಟೆಗಳು, ಹೊಸ ಸಿಮೆಂಟು. ಉಪ್ಪಿನ ವಿಷಯ ಹೇಳಿದ. ಮಾತು ಮುಗಿಸಿದ. ಅಕ್ಕ ಬೈಯುತ್ತಾಳೆ ಎಂದು ಕಾದ. ಚಿಕ್ಕವನಾಗಿದ್ದಾಗ ಅವಳು ಬೈದರೆ ಸಮಾಧಾನವಾಗುತ್ತಿತ್ತು, ಅಲ್ಲಿಗೆ ಅದು ಮುಗಿಯುತ್ತಿತ್ತು. ಅಕ್ಕ ಬೈಯಲಿಲ್ಲ. ಕೈಚೀಲವನ್ನು ತೊಡೆಯಿಂದ ನೆಲಕ್ಕೆ ಇಳಿಸಿದಳು.

"ಗೊತ್ತಿದ್ದೇ ಹಾಕ್ದೆಯೇನೋ?"

"ಗೊತ್ತಿಲ್ಲ ಅಕ್ಕಾ."

"ಗೊತ್ತಿಲ್ಲ ಅಂದ್ರೇನು? ಹಾಕಿದವನು ನೀನೇ ತಾನೇ?"

"ನಾನೇ. ಆದ್ರೆ ನಿಜವಾಗ್ಲೂ ಗೊತ್ತಿಲ್ಲ."

ತಿಂಗಳುಗಳಿಂದ ತನ್ನೊಳಗೇ ಹೇಳಿಕೊಂಡ ಮಾತುಗಳಲ್ಲಿ ಇದೊಂದೇ ಸುಳ್ಳಲ್ಲದ್ದು ಎಂದು ಅವನಿಗೆ ಅನ್ನಿಸಿತು. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಅಕ್ಕ ಅದನ್ನು ನೋಡಿದಳು. ನೋಡಿ ಕರಗುತ್ತಾಳೆ ಎಂದು ಒಳಗೊಳಗೇ ಅವನು ನಂಬಿದ್ದ ಎಂಬುದು, ಅವಳು ಕರಗದೇ ಇದ್ದಾಗ ಗೊತ್ತಾಯಿತು.

"ನಂಗೋಸ್ಕರ ಹಾಕ್ದೆ ಅಂತ ಮಾತ್ರ ಹೇಳ್ಬೇಡ," ಎಂದಳು. "ಅದೊಂದು ಮಾತು ಹೇಳ್ಬೇಡ ನಂಗೆ. ಮೊದಲ್ನೇ ದಿನಾನೇ ಹೋಗ್ಬೇಕಾಗತ್ತೆ ಅಕ್ಕಾ ಅಂದಿದ್ರೆ, ಎರಡು ದಿನ ಅತ್ತು ಗಿಡ ಕೀಳೋಕೆ ಶುರು ಮಾಡ್ತಿದ್ದೆ. ಈಗ ಬೀದಿಯವರ ಮುಖ ಹೇಗೋ ನೋಡ್ಲಿ?"

ಮುಖಕ್ಕೆ ಹೊಡೆದ ಹಾಗಾಯಿತು. ಪ್ರೀತಿಗೆ ಮಾಡಿದ್ದು ಎಂಬ ಒಂದು ಮೂಲೆಯನ್ನು ಅವನು ತನಗಾಗಿ ಉಳಿಸಿಕೊಂಡಿದ್ದ, ಎಲ್ಲ ಹೋದರೂ ಅಲ್ಲಿ ಹೋಗಿ ಕೂರಬಹುದು ಎಂದು. ಅಕ್ಕ ಎದ್ದು ನಿಂತಳು. ಕೊಳವೆಯ ಪಕ್ಕದಲ್ಲಿ ಕಲಕುವ ಕೋಲು ಇತ್ತು, ತುದಿಯಲ್ಲಿ ತೂತುತೂತಿನ ಬಿಲ್ಲೆ ಇರುವ ಉದ್ದನೆಯದು. ಅದನ್ನು ಕೈಗೆ ತೆಗೆದುಕೊಂಡಳು. "ಹಳೇ ನೀರು ಅಲ್ವಾ ಇದು? ಯಾವ ಕಾಲದ್ದೋ! ನಿಂತು ನಿಂತು ಹೆಪ್ಪುಗಟ್ಟಿರತ್ತೆ," ಎಂದು, ಬೆಳಿಗ್ಗೆಯಿಂದ ಅವನು ತನಗೆ ಹೇಳಿಕೊಂಡದ್ದನ್ನೇ ಹೇಳಿ, ಕೋಲನ್ನು ಕೊಳವೆಯೊಳಗೆ ಇಳಿಸಿ, ಮೇಲೆ ಕೆಳಗೆ, ಮೇಲೆ ಕೆಳಗೆ, ರೊಚ್ಚಿನಿಂದ ಕಲಕಿದಳು. ತಳದ ಕೆಸರು ಎದ್ದು ಹೊಗೆಯ ಹಾಗೆ ಮೇಲೇರಿತು. ತಿಳಿ ಹೋಯಿತು, ಅಂಚು ಹೋಯಿತು, ಎದುರು ಗೋಡೆಯ ಸ್ವಿಚ್ಚು ಹೋಯಿತು. ನಾಲ್ಕಾರು ಹನಿ ಅವನ ಅಂಗಿಯ ಮೇಲೆ ಸಿಡಿಯಿತು. ತಡೆಯಬಹುದಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಇದ್ದಳು. ಅವನು ತಡೆಯಲಿಲ್ಲ. ಪರೀಕ್ಷೆ ಕೆಟ್ಟಿತು, ತಾನು ಕೆಡಿಸಲಿಲ್ಲ ಎಂದು ಮೈಯೆಲ್ಲ ಹಗುರವಾಯಿತು. ಮೊದಲ ಸಲ ಹಗುರವಾದದ್ದೂ ಹೀಗೆಯೇ, ಎದೆಯ ಇದೇ ಜಾಗದಲ್ಲಿ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು.

ಅದೇ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿ ವರದಿ, ಜೇಬಿನಲ್ಲಿ ಪೆನ್ನು. ಹಿಂದೆ ಹಜಾರದಲ್ಲಿ ಸಮಿತಿಯವರ ಮಾತು, ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

"ಏನ್ ಸಾರ್ ಇದು? ಮತ್ತೆ ಟೆಸ್ಟ್ ಯಾಕೆ?"

"ಸುಮ್ಮನೆ..." ಎಂದ. ಬಾಯಿಗೆ ಬಂದದ್ದೇ ಅದು.

"ಕೆಟ್ಟುಹೋಯ್ತಲ್ಲ. ಪರವಾಗಿಲ್ಲ ಬಿಡಿ, ಹಳೇ ಲೆಕ್ಕ ಇದೆಯಲ್ಲ, ಅದೇ ಇರ್ಲಿ. ಬನ್ನಿ, ಅವರು ಕಾಯ್ತಿದ್ದಾರೆ."

ಬಾಗಿಲು ತೆರೆದೇ ಇತ್ತು. ಎದ್ದು ಹೋಗಿ ಅಂಗಿಯ ಮೇಲಿನ ಹನಿ ಒರೆಸಿಕೊಂಡು ಸಮಿತಿಯವರ ಕೈ ಕುಲುಕಿದರೆ ಸಾಕು, ಚಹಾ ಬರುತ್ತದೆ, ಯಾರೋ ಜೋಕು ಹೇಳುತ್ತಾರೆ. ಅಕ್ಕ ಕೋಲು ಹಿಡಿದುಕೊಂಡೇ ನಿಂತಿದ್ದಳು. ಕೋಲಿನ ತುದಿಯಿಂದ ಕೆಸರು ನೀರು ಅವಳ ಬರಿಗಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳ ಮುಖದಲ್ಲಿ ಅವನಿಗೆ ಕಂಡದ್ದು ಸಿಟ್ಟಲ್ಲ, ಏನು ಮಾಡುತ್ತಾನೆ ನೋಡೋಣ ಎಂಬ ಕುತೂಹಲ. ಅದನ್ನು ಮಾತ್ರ ಅವನಿಂದ ತಡೆದುಕೊಳ್ಳಲಾಗಲಿಲ್ಲ. ಕೈಚಾಚಿ ಟೈಮರನ್ನು ಮೊದಲಿಗೆ ತಿರುಗಿಸಿ ಬಿಟ್ಟ. ಅದು ಟಿಕಟಿಕ ಶುರು ಮಾಡಿತು.

"ಕೆಟ್ಟಿಲ್ಲ ಮೇಡಂ. ಕಲಕಿಯಾಯ್ತು, ಈಗ ಶುರು. ಇನ್ನೊಂದು ಗಂಟೆ ಬೇಕು. ಆ ವರದಿ ಕೊಡ್ಬೇಡಿ. ಹೋದ ಸಲ ನಾನು ನೀರಿಗೆ ಉಪ್ಪು ಹಾಕಿದ್ದೆ."

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲು ಮುಚ್ಚಿದರು. "ನೀವಾ?" ಎಂದರು. "ನಂಗೆ ಕಲಿಸಿದ್ದು ನೀವಲ್ವಾ?" ಆಮೇಲೆ ಅಕ್ಕನ ಕಡೆ, ಅವಳ ಉಗುರಿನ ಮಣ್ಣಿನ ಕಡೆ, ಚೀಲದ ಸಸಿಗಳ ಕಡೆ ನೋಡಿದರು. "ಇವರು ಯಾರು?"

"ನಮ್ಮಕ್ಕ. ಕೆಳಬಯಲಿನಲ್ಲೇ ಮನೆ."

"ಓ," ಎಂದರು ಮೇಡಂ. ಅಷ್ಟೇ. ಆ ಒಂದು ಅಕ್ಷರದಲ್ಲಿ ಹೋದ ಸಲದ ಲೆಕ್ಕ, ಕೊಚ್ಚಿಹೋದ ಚಾಪೆಗಳು, ಪಳಗಿದ ಕೈ ಎಲ್ಲವೂ ಬೇರೆ ಬಣ್ಣಕ್ಕೆ ತಿರುಗುವುದನ್ನು ಅವನು ಕೂತಲ್ಲಿಂದಲೇ ನೋಡಿದ. ಮರೆತೆ ಎಂದು ಹೇಳಬೇಕೆಂದು ತುಟಿಯವರೆಗೆ ಬಂತು. ಹೇಳಿದರೆ ಯಾರು ನಂಬುತ್ತಾರೆ, ತಾನೇ ನಂಬದಿದ್ದ ಮೇಲೆ? "ಸಾರ್" ಎಂದು ಮೇಡಂ ಈ ಸಲ ಕರೆಯಲಿಲ್ಲ. "ಸಮಿತಿಯವರನ್ನ ಕೂರಿಸಿ ಬರ್ತೀನಿ. ಇಲ್ಲಿಂದ ಏಳ್ಬೇಡಿ. ಏನನ್ನೂ ಮುಟ್ಟಬೇಡಿ," ಎಂದು ಹೋದರು. ಬಾಗಿಲ ಗಾಜಿನ ಆಚೆ ಅಟೆಂಡರನ ಮುಖ ಬಂತು, ಹೋಯಿತು. ಸುದ್ದಿ ಲೆಕ್ಕಪತ್ರ ವಿಭಾಗಕ್ಕೆ ಮುಟ್ಟಲು ಎಷ್ಟು ಹೊತ್ತು ಬೇಕು!

ಅಕ್ಕ ಕೋಲನ್ನು ಗೋಡೆಗೆ ಒರಗಿಸಿ ಮತ್ತೆ ಸ್ಟೂಲಿನ ಮೇಲೆ ಕೂತಳು. ಮೊದಮೊದಲು ಬಗ್ಗಡ ಬಗ್ಗಡವಾಗಿಯೇ ಇತ್ತು, ಒಳಗೆ ಸುಳಿಗಳು ತಿರುಗುತ್ತಿದ್ದವು. ನೋಡು, ನಿಂತೇ ಇದೆ, ಎಂದಳು ಅಕ್ಕ. ಇನ್ನೂ ಸ್ವಲ್ಪ ಹೊತ್ತಿಗೆ, ನಿಂತಿದೆ ಅಲ್ವಾ, ಎಂದಳು. ಅವಳ ಕೈಬೆರಳುಗಳು ಒಂದಕ್ಕೊಂದು ಹೆಣೆದುಕೊಂಡು ಬೆಳ್ಳಗಾಗಿದ್ದವು. ಅವನೂ ನಿಂತಿರಲಿ ಎಂದೇ ಬಯಸಿದ. ಉಪ್ಪನ್ನು ಒಪ್ಪಿಕೊಂಡದ್ದು ಆಯಿತಲ್ಲ, ಇನ್ನಾದರೂ ನಿಲ್ಲಬಾರದೇ, ತಪ್ಪು ತನ್ನದು ಮಾತ್ರ ಆಗಿ ಮನೆ ಉಳಿಯಬಾರದೇ ಎಂದು ಮಗುವಿನ ಹಾಗೆ ಚೌಕಾಸಿ ಮಾಡಿದ. ಸುಳಿಗಳು ನಿಂತವು. ಗಾಜಿನ ಹತ್ತಿರ ಕಣ್ಣಿಟ್ಟರೆ ಸಣ್ಣ ಸಣ್ಣ ಗೊಂಚಲುಗಳು ಕೂಡಿಕೊಳ್ಳುವುದು ಕಾಣುತ್ತಿತ್ತು, ಯಾರ ಅಪ್ಪಣೆಗೂ ಕಾಯದೆ, ಒಂದು ಇನ್ನೊಂದನ್ನು ಹಿಡಿದುಕೊಂಡು, ಜೊತೆಗೂಡಿದ ಮೇಲೆ ಕೆಳಗೆ. ಮೇಲ್ಗಡೆ ಕೂದಲೆಳೆಯಷ್ಟು ತಿಳಿ ಬಂತು. ಆಮೇಲೆ ಒಂದು ಬೆರಳು. ಅಕ್ಕ ನೋಡು ಎನ್ನುವುದನ್ನು ನಿಲ್ಲಿಸಿದಳು.

ಮೇಡಂ ವಾಪಸು ಬಂದು ಬಾಗಿಲ ಹತ್ತಿರವೇ ನಿಂತಾಗ ಅಂಚು ಗೆರೆಯ ಸನಿಹದಲ್ಲಿತ್ತು. ಎಷ್ಟು ಸನಿಹ ಎಂದು ಅವನಿಗೆ ತಿಳಿಯಲಿಲ್ಲ. ಕನ್ನಡಕ ಮಂಜಾಗಿತ್ತು, ತೆಗೆದು ಒರೆಸಲು ಹೋದರೆ ಮೊಣಕೈ ಮೇಜಿಗೆ ತಾಗೀತು ಎಂದು ಹೆದರಿ ಸುಮ್ಮನೆ ಕೂತಿದ್ದ. ಕೆಂಪು ಕೆಂಪಾಗಿ ಏನೋ, ಅದರ ಅಕ್ಕಪಕ್ಕ ಕಂದಾಗಿ ಏನೋ.

"ಎಲ್ಲಿದೆ?" ಎಂದರು ಮೇಡಂ.

ಕಾಣುತ್ತಿಲ್ಲ ಎಂದರೆ ಅದನ್ನೂ ನಾಟಕ ಎಂದುಕೊಳ್ಳುತ್ತಾರೆ.

ಅಕ್ಕ ಸ್ಟೂಲಿನಿಂದ ಮುಂದಕ್ಕೆ ಬಗ್ಗಿ, ಗಾಜಿಗೆ ಉಸಿರು ತಾಗದಷ್ಟು ದೂರದಲ್ಲಿ ಮುಖವಿಟ್ಟು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಸುಳ್ಳು ಹೇಳಿದರೂ ಈ ಕೋಣೆಯಲ್ಲಿ ಆ ಕ್ಷಣಕ್ಕೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ದಾಟ್ತು," ಎಂದಳು.

"ಇನ್ನೂ ಟೈಮರ್ ಹೊಡೆದಿಲ್ಲ," ಎಂದರು ಮೇಡಂ.

"ಹೊಡೆದ ಮೇಲೆ ಮೇಲಕ್ಕೆ ಬರತ್ತೇನಮ್ಮಾ?" ಎಂದು ಅಕ್ಕ ತಿರುಗಿಯೂ ನೋಡದೆ ಕೇಳಿದಳು. ಅಕ್ಕ ಅವನ ಕಡೆ ತಿರುಗಿದಳು. ಅವಳ ಕಣ್ಣು ಒಣಗಿತ್ತು. "ದಾಟ್ತು ಕಣೋ. ಕೆಂಪು ಗೆರೆ ಮೇಲಾಯ್ತು, ಅದು ಕೆಳಗಾಯ್ತು. ಬರ್ಕೊಂಡು ಸಾಯಿ."

ಅವನು ಹೊತ್ತು ನೋಡಿ ಬರೆದುಕೊಂಡ. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಷ್ಟು ಬೇಗ ಇಳಿದುಹೋದ ಮಣ್ಣನ್ನೇ ನೋಡುತ್ತ, ಟೈಮರ್ ಹೊಡೆದುಕೊಳ್ಳುವವರೆಗೂ ಕೂತಿದ್ದಳು.